ಹಬ್ಬವಲ್ಲದ ದಿನದ ಫೋಟೋ

ಮನೆಮಂದಿ, ನೆಂಟರು, ಗೆಳೆಯರು ತಮ್ಮ ಪಾಡಿಗೆ ತಾವು ಇರುವ ಹೊತ್ತಿನಲ್ಲಿ, ಅವರಲ್ಲೇ ಒಬ್ಬರು ತೆಗೆದ ಚಿತ್ರವನ್ನು ಮನೆಫೋಟೋ ಎಂದು ಕರೆಯಬಹುದು. ತೆಗೆಯುವವರು ಕಸುಬುದಾರರಲ್ಲ, ನೋಡುವವರು ಹೊರಗಿನವರಲ್ಲ. ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೋಗಳಿಗೂ ಇದಕ್ಕೂ ದೊಡ್ಡ ಅಂತರವಿದೆ. ಅಲ್ಲಿ ಜನ ಕ್ಯಾಮೆರಾಕ್ಕಾಗಿ ನಿಲ್ಲುತ್ತಾರೆ, ಇಲ್ಲಿ ಕ್ಯಾಮೆರಾ ಜನಕ್ಕಾಗಿ ಕಾಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಹೋಬಳಿ ಊರಿನ ಮನೆಗಳಲ್ಲಿ ಗೋಡೆಗೇರಿರುವ ಚಿತ್ರಗಳು ಹೆಚ್ಚಾಗಿ ಮೊದಲ ಬಗೆಯವು: ಬಾಸಿಂಗ ಕಟ್ಟಿದ ಗಂಡುಹೆಣ್ಣು, ಶಾಲೆಯ ಗ್ರೂಪ್ ಫೋಟೋ, ಹಾರ ಹಾಕಿದ ಹಿರಿಯರು. ಬಿತ್ತನೆ ಶೇಂಗಾ ಸುಲಿಯುತ್ತ ಕೂತ ಅಜ್ಜಿ, ಕುರಿ ಹೊಡೆದುಕೊಂಡು ಬಂದು ಜಗಲಿಯ ಮೇಲೆ ಕಾಲು ಚಾಚಿದ ಅಪ್ಪ, ಬಸ್ಸಿಗೆ ಕಾಯುತ್ತ ನಿಂತ ಗೆಳತಿಯರು ಗೋಡೆಗೆ ಬಂದಿರುವುದು ಅಪರೂಪ. ಬದುಕಿನ ಬಹುಪಾಲು ದಿನಗಳು ಕಳೆದದ್ದು ಮಾತ್ರ ಹೀಗೆಯೇ.

ಈ ಕೊರತೆಗೆ ಕಾರಣ ಫೋಟೋದ ಚರಿತ್ರೆಯಲ್ಲೇ ಇದೆ. ಫ್ರಾನ್ಸಿನ ಡಾಗೇರ್ 1839ರಲ್ಲಿ ತನ್ನ ವಿಧಾನವನ್ನು ಜಗತ್ತಿಗೆ ತೋರಿಸಿದಾಗ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಗುವುದು ಯಾರಿಗೂ ಆಗದ ಮಾತು. ಬಿಗಿದ ಮುಖ, ನೆಟ್ಟ ನೋಟ, ಮೊಣಕಾಲಿನ ಮೇಲೆ ಊರಿದ ಕೈ ಫೋಟೋದ ಮರ್ಯಾದೆಯಾಗಿಬಿಟ್ಟವು. ಯಂತ್ರ ಚುರುಕಾದ ಮೇಲೂ ಆ ಮರ್ಯಾದೆ ಉಳಿದುಕೊಂಡಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳಿಗಾಗುವಷ್ಟು ಫಿಲ್ಮು ತುಂಬಿದ ಕೊಡಾಕ್ ಪೆಟ್ಟಿಗೆಯನ್ನು 25 ಡಾಲರಿಗೆ ಮಾರಾಟಕ್ಕಿಟ್ಟ. ಚಿತ್ರ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ ತೊಳೆದು, ಅಚ್ಚು ಹಾಕಿ, ಹೊಸ ಫಿಲ್ಮು ತುಂಬಿ ವಾಪಸ್ಸು ಕೊಡುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದೇ ಡಾಲರು, ಅದನ್ನು ಮಕ್ಕಳ ಕೈಗೂ ಕೊಡಬಹುದಿತ್ತು. ಮನೆಯವರೇ ಮನೆಯವರನ್ನು ಚಿತ್ರಿಸುವ ರೂಢಿ ಅಲ್ಲಿ ಬೇರೂರಿದ್ದು ಈ ಪೆಟ್ಟಿಗೆಗಳಿಂದ.

ಕರ್ನಾಟಕದಲ್ಲಿ ಕ್ಯಾಮೆರಾ ಬಹುಕಾಲ ಸ್ಟುಡಿಯೋದ ಸೊತ್ತಾಗಿಯೇ ಇತ್ತು. ಬೆಂಗಳೂರಿನ ಜಿ.ಕೆ. ವೇಲ್ ಸ್ಟುಡಿಯೋ 1910ರಲ್ಲೇ ಶುರುವಾಗಿತ್ತು. ತಾಲ್ಲೂಕು ಕೇಂದ್ರಗಳಿಗೆ ಸ್ಟುಡಿಯೋಗಳು ಬಂದದ್ದು ಅದೆಷ್ಟೋ ಕಾಲದ ನಂತರ. ಪರಶುರಾಂಪುರದ ಕಡೆಯ ಹಳ್ಳಿಯವರಿಗೆ ಫೋಟೋ ಎಂದರೆ ಒಂದು ಪ್ರಯಾಣ. ಒಗೆದ ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿ ಹೋಗಬೇಕು. ಒಳಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಹಿಂದೆ ಬಣ್ಣದ ಪರದೆ. ಜಾತ್ರೆಗಳಲ್ಲಿ ಟೆಂಟಿನ ಸ್ಟುಡಿಯೋಗಳೂ ಇರುತ್ತಿದ್ದವು, ಅಲ್ಲಿ ರಟ್ಟಿನ ಮೋಟಾರು, ವಿಮಾನಗಳಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವು ಬಹಳ ಪ್ರೀತಿಯಿಂದ ಕಾಪಾಡಬೇಕಾದ ಚಿತ್ರಗಳೇ. ಆದರೆ ಆ ಮನುಷ್ಯ ತನ್ನ ಹೊಲದಲ್ಲಿ ಹೇಗೆ ನಿಲ್ಲುತ್ತಿದ್ದ ಎಂಬುದನ್ನು ಅವು ಹೇಳುವುದಿಲ್ಲ.

ಇನ್ನೂ ಎಷ್ಟೋ ಹಿರಿಯರ ಪಾಲಿಗೆ ಆ ಸ್ಟುಡಿಯೋ ಚಿತ್ರವೂ ಇಲ್ಲ. ಅವರ ಮುಖ ಉಳಿದಿರುವುದು ಕಚೇರಿಯ ಕಾಗದಗಳಲ್ಲಿ. 1993ರಿಂದ ಬಂದ ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, 2010ರ ನಂತರದ ಆಧಾರ್ ಇವುಗಳಿಗಾಗಿ ಸಾಲಿನಲ್ಲಿ ನಿಂತು, ಹೆಸರು ಕೂಗಿದಾಗ ಬೆಚ್ಚಿ ನೋಡಿದ ಮುಖವದು. ಅವರು ತೀರಿಕೊಂಡ ದಿನ ಮನೆಯವರು ಟ್ರಂಕು ತಡಕಿ ಆ ಚೀಟಿಯನ್ನೇ ಸ್ಟುಡಿಯೋಗೆ ಒಯ್ಯುತ್ತಾರೆ. ಸ್ಟುಡಿಯೋದವರು ಅದನ್ನು ಹಿಗ್ಗಿಸಿ, ಕಂಪ್ಯೂಟರಿನಲ್ಲಿ ಅಂಗಿ, ಪೇಟ, ರೇಷ್ಮೆ ಸೀರೆ ಜೋಡಿಸಿ ಕೊಡುತ್ತಾರೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರ ಒಂದೇ ಒಂದು ನಗುಮುಖವೂ ಮನೆಯಲ್ಲಿಲ್ಲ ಎಂಬುದು ಆ ಹೊತ್ತಿಗೆ ಗೊತ್ತಾಗುತ್ತದೆ. ಮನೆಫೋಟೋ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ರೋಲು ಮುಗಿಸಲು ತೆಗೆದವು

ಕ್ಯಾಮೆರಾ ಕೊಂಚ ಅಗ್ಗವಾಗಿ, ಉಪಾಧ್ಯಾಯರು, ಬ್ಯಾಂಕಿನವರು, ಪಟ್ಟಣ ಸೇರಿದ ಮಕ್ಕಳು ಅದನ್ನು ಊರಿಗೆ ತರತೊಡಗಿದ ಕಾಲದ ಆಲ್ಬಮ್ಮುಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಭಾರತದಲ್ಲೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3ರ ಒಂದು ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು ಬರುತ್ತಿದ್ದವು. ಮುಂದೆ 35 ಮಿಲಿಮೀಟರಿನ ರೋಲಿನಲ್ಲಿ ಮೂವತ್ತಾರು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ‘ಇಂದು’ ಎಂಬ ಹೆಸರಿನ ಕಪ್ಪುಬಿಳುಪು ಫಿಲ್ಮು ಮಾಡುತ್ತಿತ್ತು. ರೋಲು, ತೊಳೆಯುವ ಖರ್ಚು, ಪ್ರಿಂಟು ಎಲ್ಲಕ್ಕೂ ದುಡ್ಡು. ಹಾಗಾಗಿ ಮದುವೆಗೋ ಪ್ರವಾಸಕ್ಕೋ ರೋಲು ಹಾಕಿ, ಒಂದೊಂದು ಚಿತ್ರವನ್ನೂ ಎಣಿಸಿ ತೆಗೆಯುತ್ತಿದ್ದರು. ಎಲ್ಲ ಮುಗಿದು ಮನೆಗೆ ಬಂದಾಗ ಎರಡೋ ಮೂರೋ ಉಳಿದಿರುತ್ತಿದ್ದವು. ರೋಲು ಮುಗಿಯದೆ ತೊಳೆಯಲು ಕೊಡುವಂತಿಲ್ಲ. ಆ ಉಳಿದದ್ದನ್ನು ಮುಗಿಸಲೆಂದು ಎದುರಿಗೆ ಸಿಕ್ಕಿದ್ದನ್ನು ತೆಗೆದುಬಿಡುತ್ತಿದ್ದರು: ಬಾಗಿಲಲ್ಲಿ ಕೂತ ಅಜ್ಜಿ, ಅಂಗಳದ ಕರು, ಚಡ್ಡಿ ಜಾರಿದ ಮಗು, ನೀರು ಸೇದುವ ಅತ್ತಿಗೆ.

ಇಂದು ಅಂಥ ಆಲ್ಬಮ್ಮು ತೆರೆದವರ ಕಣ್ಣು ನಿಲ್ಲುವುದು ಆ ಕೊನೆಯ ಎರಡು ಮೂರು ಚಿತ್ರಗಳ ಮೇಲೆಯೇ. ಮದುವೆಯ ಫೋಟೋ ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ. ಬಾಗಿಲಲ್ಲಿ ಕೂತ ಅಜ್ಜಿ ಆ ಮನೆಗೆ ಮಾತ್ರ ಸೇರಿದವಳು. ಅವಳ ಹಿಂದೆ ಈಗ ಬಿದ್ದುಹೋದ ಮಾಳಿಗೆ ಮನೆಯ ಹೊಸ್ತಿಲು ಕಾಣುತ್ತದೆ, ಒನಕೆ ಒರಗಿಸಿದ ಮೂಲೆ ಕಾಣುತ್ತದೆ, ಗೋಡೆಯಲ್ಲಿ ದೀಪದ ಗೂಡು ಕಾಣುತ್ತದೆ. ತೆಗೆದವರು ಇವೆಲ್ಲ ಬೇಕೆಂದು ತೆಗೆದದ್ದಲ್ಲ, ಇದ್ದದ್ದು ಇದ್ದ ಹಾಗೆ ಬಂದುಬಿಟ್ಟಿತು. ಮನೆಫೋಟೋದ ಬೆಲೆ ಕಾಲದೊಂದಿಗೆ ಏರುವುದು ಹೀಗೆ, ಅಂಚಿನಲ್ಲಿ ಬಂದ ಸಾಮಾನಿನಿಂದ. ಹಿಂದಿನ ಗೋಡೆ, ಹಗ್ಗದ ಮೇಲಿನ ಬಟ್ಟೆ ಅಸಹ್ಯ ಕಾಣುತ್ತವೆಂದು ಎಲ್ಲವನ್ನೂ ಸರಿಸಿ, ಮಸುಕು ಮಾಡಿ ಮುಖ ಮಾತ್ರ ಉಳಿಸುವ ಇಂದಿನ ಮೊಬೈಲ್ ಚಾಳಿ ಈ ದೃಷ್ಟಿಯಿಂದ ನಷ್ಟದ ಬಾಬ್ತು.

ಕನ್ನಡ ನಾಡಿನಲ್ಲಿ ಸಾಮಾನ್ಯರ ದಿನನಿತ್ಯವನ್ನು ಕ್ಯಾಮೆರಾದ ಮುಖ್ಯ ವಸ್ತುವಾಗಿಸಿದವರಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೊಡ್ಡ ಹೆಸರು. ಪತ್ರಿಕಾ ಛಾಯಾಗ್ರಾಹಕರಾಗಿದ್ದ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಮಕ್ಕಳನ್ನು ಕುರಿತ ಅವರ ಚಿತ್ರಗಳನ್ನು ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್, ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಮಂತ್ರಿ ಮಹನೀಯರ ಸಭೆಗಳಿಗಿಂತ ಬೀದಿಯ ಮಕ್ಕಳು, ಕೆಲಸದಲ್ಲಿ ತೊಡಗಿದ ಹೆಂಗಸರು, ಮಾತಿಗೆ ಕೂತ ಮುದುಕರು ಅವರ ಕಣ್ಣಿಗೆ ಹೆಚ್ಚು ಬಿದ್ದವರು. ಮನೆಯಲ್ಲಿ ಫೋಟೋ ತೆಗೆಯುವವರು ಅವರಿಂದ ಕಲಿಯಬೇಕಾದದ್ದು ತಂತ್ರವನ್ನಲ್ಲ, ಎದುರಿನವರ ಮೇಲೆ ಇಡುವ ಗೌರವವನ್ನು.

ಬೆಳಕು

ಕ್ಯಾಮೆರಾ ಹಿಡಿಯುವುದು ಬೆಳಕನ್ನು. ಪರಶುರಾಂಪುರ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲಿನಲ್ಲಿ ನಿಂತವರ ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಬೇವಿನ ಮರದಡಿಗೋ ಹೊಂಗೆಯ ನೆರಳಿಗೋ ಎರಡು ಹೆಜ್ಜೆ ಸರಿದರೆ ಅದೇ ಮುಖ ಸೌಮ್ಯವಾಗುತ್ತದೆ. ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದಂತೆ ನೋಡಿಕೊಂಡರೆ ಸಾಕು. ಬೆಳಗಿನ ಎಂಟರೊಳಗಿನ ಮತ್ತು ಸಂಜೆ ಐದರ ನಂತರದ ಬಿಸಿಲು ಓರೆಯಾಗಿ ಬಂದು ಚರ್ಮಕ್ಕೆ ಹೊನ್ನಿನ ಬಣ್ಣ ಕೊಡುತ್ತದೆ. ಕುರಿಗಳು ಹಟ್ಟಿಗೆ ಮರಳುವ ಹೊತ್ತೂ ಅದೇ, ಎದ್ದ ಧೂಳಿನಲ್ಲಿ ಬೆಳಕಿನ ಗೆರೆಗಳೇ ಕಾಣುತ್ತವೆ. ಸೂರ್ಯ ಮುಳುಗಿದ ಮೇಲೆ ಈ ಸೀಮೆಯಲ್ಲಿ ಕತ್ತಲು ಬೇಗ ಕವಿಯುವುದರಿಂದ ಆಮೇಲೆ ತೆಗೆಯೋಣ ಎಂದರೆ ಆಗದು.

ಮನೆಯೊಳಗಿನ ಬೆಳಕಿಗೆ ಹಳೆಯ ಮಾಳಿಗೆ ಮನೆಯೇ ಒಳ್ಳೆಯ ಪಾಠಶಾಲೆ. ಮಣ್ಣಿನ ಚಪ್ಪಟೆ ಸೂರು, ದಪ್ಪ ಗೋಡೆ, ಕಿಟಕಿ ಕಡಿಮೆ. ಬೆಳಕು ಬರುವುದು ತಲೆಬಾಗಿಲಿನಿಂದ ಮತ್ತು ಸೂರಿನ ಗವಾಕ್ಷಿಯಿಂದ. ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಬಿತ್ತನೆಗೆಂದು ಶೇಂಗಾ ಸುಲಿಯಲು ಹೆಂಗಸರು ಆ ಬಾಗಿಲ ಬಳಿಯೇ ಸೇರುತ್ತಾರೆ. ಬೀಜಕ್ಕೆ ಪೆಟ್ಟಾಗಬಾರದೆಂದು ಕೈಯಲ್ಲೇ ಸುಲಿಯುವ ಕೆಲಸ. ಹೆಬ್ಬೆರಳು ಕಾಯಿಯ ತುದಿಯನ್ನು ಒತ್ತುತ್ತದೆ, ಚಟ್ಟೆಂದು ಬಾಯಿ ಬಿಡುತ್ತದೆ, ಕೆಂಪು ಬೀಜ ಮೊರಕ್ಕೆ, ಸಿಪ್ಪೆ ಮಗ್ಗುಲಿಗೆ. ಮಾತು ನಿಲ್ಲುವುದಿಲ್ಲ, ಕಣ್ಣು ಕೈಯನ್ನು ನೋಡುವುದಿಲ್ಲ. ಇಲ್ಲಿ ಚಿತ್ರ ತೆಗೆಯುವವರು ಬಾಗಿಲಿಗೆ ಬೆನ್ನು ಕೊಟ್ಟು, ಬೆಳಕಿಗೆ ಅಡ್ಡವಾಗದಂತೆ ಒಂದು ಪಕ್ಕಕ್ಕೆ ಕೂರಬೇಕು. ಆಗ ಹೊರಗಿನ ಬೆಳಕು ಸುಲಿಯುವವರ ಕೆನ್ನೆಯ ಮೇಲೆ ಮೆತ್ತಗೆ ಬೀಳುತ್ತದೆ, ಹಿಂದಿನ ಕತ್ತಲೆ ತಾನೇ ಪರದೆಯಾಗುತ್ತದೆ. ಅದೇ ಒಳಗಿನಿಂದ ಬಾಗಿಲ ಕಡೆ ತಿರುಗಿ ತೆಗೆದರೆ ಎಲ್ಲರೂ ಕಪ್ಪು ಆಕಾರಗಳಾಗುತ್ತಾರೆ.

ಹೀಗಾಗುವುದಕ್ಕೆ ಕಾರಣವಿದೆ. ಕ್ಯಾಮೆರಾ ತನ್ನೆದುರಿನ ದೃಶ್ಯವನ್ನೆಲ್ಲ ಸರಾಸರಿ ಹಾಕಿ, ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಾಗಿಲಾಚೆಯ ಬಿಸಿಲು ಚೌಕಟ್ಟಿನಲ್ಲಿ ಹೆಚ್ಚಿದ್ದರೆ ಒಟ್ಟು ಬೆಳಕನ್ನು ತಗ್ಗಿಸುತ್ತದೆ, ಮುಖ ಮುಳುಗುತ್ತದೆ. ಕರಿಕಂಬಳಿ ಹೊದ್ದ ಅಜ್ಜನೇ ಚೌಕಟ್ಟು ತುಂಬಿದ್ದರೆ ಬೆಳಕನ್ನು ಏರಿಸುತ್ತದೆ, ಕಂಬಳಿ ಬೂದಿಯಂತೆ ಕಾಣುತ್ತದೆ. ಮೊಬೈಲ್ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿದರೆ ಅದು ಆ ಜಾಗವನ್ನೇ ಅಳೆಯುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಹದ ಮಾಡಬಹುದು.

ಹತ್ತಿರ, ಆದರೆ ಮೈಮೇಲಲ್ಲ

ಮೊಬೈಲಿನ ಮುಖ್ಯ ಮಸೂರ ಅಗಲ ನೋಟದ್ದು. ಅರ್ಧ ಮೀಟರಿಗಿಂತ ಹತ್ತಿರ ಹೋದರೆ ಮೂಗು ದಪ್ಪವಾಗಿ, ಕಿವಿ ಹಿಂದೆ ಸರಿದು ಮುಖದ ಲಕ್ಷಣವೇ ಕೆಡುತ್ತದೆ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮುಂದಿರುವವರ ಮುಖ ಊದಿದಂತೆ ಕಾಣುವುದೂ ಇದರಿಂದಲೇ. ಐದಾರು ಅಡಿ ದೂರದಲ್ಲಿ ನಿಂತು ಎರಡರಷ್ಟು ಹಿಗ್ಗಿಸಿದರೆ ಮುಖ ಮುಖದಂತಿರುತ್ತದೆ. ಮಕ್ಕಳನ್ನು ತೆಗೆಯುವಾಗ ಕುಕ್ಕುರುಗಾಲಲ್ಲಿ ಕೂತು ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮೇಲಿನಿಂದ ತೆಗೆದ ಮಗುವಿನ ಚಿತ್ರದಲ್ಲಿ ತಲೆಯೇ ಹೆಚ್ಚು, ಮಗು ಕಡಿಮೆ.

ಫೋಟೋ ಎಂದೊಡನೆ ಸೆರಗು ಸರಿಮಾಡಿಕೊಂಡು ಸೆಟೆದು ನಿಲ್ಲುವ ಹಿರಿಯರಿಗೆ ಸಹಜವಾಗಿರಿ ಎಂದು ಹೇಳಿದರೆ ಇನ್ನಷ್ಟು ಸೆಟೆಯುತ್ತಾರೆ. ಅವರಿಷ್ಟದಂತೆ ಒಂದು ನೆಟ್ಟಗಿನ ಫೋಟೋ ಮೊದಲು ತೆಗೆಯುವುದು ನ್ಯಾಯ. ಅದು ಅವರ ಮರ್ಯಾದೆ. ಆಯಿತು ಎಂದಾಗ ಉಸಿರು ಬಿಟ್ಟು, ಪಕ್ಕದವರ ಕಡೆ ತಿರುಗಿ ಏನೋ ಹೇಳಿ ನಗುತ್ತಾರಲ್ಲ, ಆ ನಾಲ್ಕೈದು ಸೆಕೆಂಡು ಮುಖ್ಯ. ಕ್ಯಾಮೆರಾ ಇನ್ನೂ ಕೆಳಗಿಳಿದಿರಬಾರದು. ಕೆಲಸದಲ್ಲಿದ್ದಾಗ ತೆಗೆಯುವುದು ಇನ್ನೂ ಸುಲಭ, ಕೈಗೆ ಕೆಲಸವಿದ್ದರೆ ಮುಖ ತಾನೇ ಸಡಿಲವಾಗುತ್ತದೆ.

ಈ ಸೀಮೆಯಲ್ಲಿ ಮನೆಗೂ ಕೆಲಸಕ್ಕೂ ಗಡಿ ತೆಳು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಮಗ್ಗ ನಡುಮನೆಯಲ್ಲೇ ಇರುತ್ತದೆ, ಮಗು ಮಗ್ಗದ ಸದ್ದಿನಲ್ಲೇ ನಿದ್ದೆ ಹೋಗುತ್ತದೆ. ಕಂಬಳಿ ನೇಯುವವರು ಹಾಸನ್ನು ಬಯಲಲ್ಲಿ ಉದ್ದಕ್ಕೆ ಬಿಗಿದು, ಹುಣಸೆ ಬೀಜದ ಗಂಜಿಯನ್ನು ಎಳೆಗಳಿಗೆ ಬಳಿದು, ಕುಂಚದಲ್ಲಿ ಬಾಚುತ್ತಾರೆ. ಇಡೀ ಮನೆ ಅದರ ಸುತ್ತ ಇರುತ್ತದೆ. ಉಣ್ಣೆ ಕತ್ತರಿಸುವುದು, ನೂಲುವುದು, ಗಂಜಿ ಬಳಿಯುವುದು, ನೇಯುವುದು, ಕಂಬಳಿ ಮಡಚುವುದು ಹೀಗೆ ಕೆಲಸದ ವರಸೆಯಲ್ಲೇ ಚಿತ್ರ ತೆಗೆದಿಟ್ಟರೆ ಅದು ಮನೆಯ ನೆನಪೂ ಹೌದು, ಕಸುಬಿನ ದಾಖಲೆಯೂ ಹೌದು. ಕೈಗಳನ್ನು ಪ್ರತ್ಯೇಕವಾಗಿ ಒಂದು ಚಿತ್ರ ತೆಗೆಯುವುದನ್ನು ಮರೆಯಬಾರದು. ನೇಕಾರರ, ಕುರುಬರ, ರೊಟ್ಟಿ ತಟ್ಟುವವರ ಕೈ ಮುಖದಷ್ಟೇ ಗುರುತಿನದು.

ದಿನನಿತ್ಯವೆಂದರೆ ಬದಲಾಗದ್ದು ಎಂದು ಭಾವಿಸುವುದು ತಪ್ಪು. ಪರಶುರಾಂಪುರದ ಬದಿಯ ವೇದಾವತಿ ವರ್ಷಗಟ್ಟಲೆ ಬರೀ ಮರಳಾಗಿದ್ದ ನದಿ. ಮೇಲ್ಗಡೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ತುಂಬಿದ ಹೊಳೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಆದರೆ ಒಣಗಿದ ಹೊಳೆಯ ಚಿತ್ರ ಯಾರ ಬಳಿಯೂ ಸುಲಭಕ್ಕೆ ಸಿಗದು, ಏಕೆಂದರೆ ಅದು ದಿನಾ ಕಣ್ಣೆದುರು ಇತ್ತು. ಮರಳಿನಲ್ಲಿ ಕ್ರಿಕೆಟ್ ಆಡಿದ ಹುಡುಗರ, ಒರತೆ ತೋಡಿ ನೀರು ತುಂಬಿಕೊಂಡವರ ಚಿತ್ರ ಇದ್ದವರು ಪುಣ್ಯವಂತರು. ಒಂದೇ ಜಾಗದಲ್ಲಿ ನಿಂತು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅದೇ ಮನೆಮಂದಿಯನ್ನು ತೆಗೆಯುವ ರೂಢಿ ಇಟ್ಟುಕೊಂಡರೆ ಹತ್ತು ವರ್ಷದಲ್ಲಿ ಮಕ್ಕಳ ಎತ್ತರವೂ ಕಾಣುತ್ತದೆ, ಹೊಳೆಯ ಎತ್ತರವೂ ಕಾಣುತ್ತದೆ.

ಒಪ್ಪಿಗೆಯ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಸ್ನಾನ, ಕಾಯಿಲೆ, ದುಃಖದ ಹೊತ್ತಿನಲ್ಲಿ ಮನೆಯವರಾದರೂ ಕೇಳಿಯೇ ತೆಗೆಯಬೇಕು. ಗರ್ಭಗುಡಿ, ಗೊಲ್ಲರಹಟ್ಟಿಯ ದೇವರ ಮನೆ, ದೇವರ ಎತ್ತುಗಳ ಕಟ್ಟೆಯಲ್ಲಿ ಅಲ್ಲಿನ ಹಿರಿಯರ ಮಾತೇ ಕಟ್ಟಳೆ. ತೆಗೆಯಲು ಒಪ್ಪಿದವರು ಸ್ಟೇಟಸ್ಸಿಗೆ ಹಾಕಲು ಒಪ್ಪಿದ್ದಾರೆಂದು ಅರ್ಥವಲ್ಲ. ಮಕ್ಕಳ ಚಿತ್ರದ ವಿಷಯದಲ್ಲಿ ತಂದೆತಾಯಿ ಎರಡು ಬಾರಿ ಯೋಚಿಸುವುದು ಲೇಸು.

ಉಳಿಸುವ ಬಗೆ

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಮನೆಯಲ್ಲೂ ದಿನಕ್ಕೆ ಹತ್ತಾರು ಚಿತ್ರಗಳು ಹುಟ್ಟುತ್ತಿವೆ. ಬೆಂಗಳೂರಿಗೆ ದುಡಿಯಲು ಹೋದ ಮಗನಿಗೆ ಇಲ್ಲಿನ ಮಳೆ, ಗಡಿಯಾಚೆ ಕಲ್ಯಾಣದುರ್ಗ, ಮಡಕಶಿರಾ ಕಡೆಗೆ ಕೊಟ್ಟ ಮಗಳಿಗೆ ಇಲ್ಲಿನ ಹಬ್ಬ ಕೂಡಲೇ ತಲುಪುತ್ತದೆ. ತೆಗೆಯುವ ಕಷ್ಟ ಹೋಯಿತು, ಉಳಿಯುವ ಕಷ್ಟ ಬಂತು. ಮೊಬೈಲ್ ನೀರಿಗೆ ಬಿದ್ದರೆ ಮೂರು ವರ್ಷದ ಮನೆಯೇ ಮುಳುಗಿದಂತೆ. ವಾಟ್ಸಾಪ್ ಚಿತ್ರದ ಗಾತ್ರವನ್ನು ಕುಗ್ಗಿಸುತ್ತದೆ, ಅದರೊಳಗೆ ಅಡಗಿರುವ ತೆಗೆದ ದಿನ, ವೇಳೆಯ ವಿವರವನ್ನೂ ಕಳಚುತ್ತದೆ. ಮುಖ್ಯವಾದದ್ದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಹಾಗೇ ಹೋಗುತ್ತದೆ. ತಿಂಗಳಿಗೊಮ್ಮೆ ಕೂತು ಒಂದೇ ಥರದ ಇಪ್ಪತ್ತರಲ್ಲಿ ಒಂದನ್ನು ಇಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ಆರಿಸಿದ ಮೂವತ್ತನ್ನೋ ನಲವತ್ತನ್ನೋ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಬೇಕು. ನಾಲ್ಕು–ಆರು ಅಂಗುಲದ ಪ್ರಿಂಟಿಗೆ 1800ಕ್ಕೆ 1200 ಪಿಕ್ಸೆಲ್ ಸಾಕು, ಸಾಧಾರಣ ಮೊಬೈಲಿನಲ್ಲೂ ಅಷ್ಟು ಬರುತ್ತದೆ. ಇನ್ನೊಂದು ಪ್ರತಿ ಇನ್ನೊಬ್ಬರ ಮನೆಯಲ್ಲಿರಲಿ.

ಹಳೆಯ ಕಪ್ಪುಬಿಳುಪು ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು, ಸರಿಯಾಗಿ ತೊಳೆದಿದ್ದರೆ ನೂರು ವರ್ಷ ಬಾಳುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಬಣ್ಣದ ಚಿತ್ರಗಳು ಕೆಂಪಿಗೆ ತಿರುಗಿರುವುದು ಅವುಗಳ ನೀಲಿ ಛಾಯೆಯ ವರ್ಣ ಮೊದಲು ಅಳಿಯುವುದರಿಂದ. ಇವನ್ನು ಮೊದಲು ಪ್ರತಿ ಮಾಡಿಕೊಳ್ಳಬೇಕು. ಮಣ್ಣಿನ ಗೋಡೆಗೆ ಚೌಕಟ್ಟು ಅಂಟಿಕೊಂಡಿದ್ದರೆ ಗೆದ್ದಲು ಹಿಂದಿನಿಂದ ಹತ್ತುತ್ತದೆ. ಚೌಕಟ್ಟಿನ ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿ ಗಾಳಿ ಆಡಲು ಬಿಡಬೇಕು. ಗಾಜಿಗೆ ಅಂಟಿದ ಫೋಟೋವನ್ನು ಕೀಳಲು ಹೋಗಬಾರದು, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಹೊರಗಿನ ನೆರಳಿಗೆ ತಂದು, ತೆಗೆಯುವವರ ಬೆನ್ನ ಹಿಂದೆ ಇಬ್ಬರು ಕರಿಕಂಬಳಿ ಹರಡಿ ಹಿಡಿದರೆ ಗಾಜಿನ ಮೇಲಿನ ಹೊಳಪು ಮಾಯವಾಗಿ ಚಿತ್ರ ಶುದ್ಧವಾಗಿ ಬರುತ್ತದೆ.

ಎಲ್ಲಕ್ಕಿಂತ ಬೇಗ ಅಳಿಯುವುದು ಹೆಸರು. ಚಿತ್ರ ಕಣ್ಣೆದುರಿದ್ದರೂ ಎಡಗಡೆಯ ಹುಡುಗಿ ಯಾರು ಎಂದು ಹೇಳುವವರು ತೀರಿಕೊಂಡರೆ ಅದು ಮೂಕವಾಗುತ್ತದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಆಲ್ಬಮ್ಮಿನ ಒಂದೊಂದೇ ಹಾಳೆ ತಿರುವುತ್ತ, ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಪ್ರಿಂಟಿನ ಹಿಂದೆ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು. ಬಾಲ್‌ಪೆನ್ನು ಒತ್ತಿದರೆ ಮುಂಭಾಗದಲ್ಲಿ ಗೆರೆ ಏಳುತ್ತದೆ. ಈಗಿನ ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಚೀಟಿಯಲ್ಲಿ ಬರೆದು ಆಲ್ಬಮ್ಮಿನಲ್ಲಿ ಚಿತ್ರದ ಹಿಂದೆಯೇ ಇಡಬಹುದು. ತಿಂಗಳು ಮತ್ತು ವರ್ಷ, ಊರು, ಜಾಗ, ಎಡದಿಂದ ಬಲಕ್ಕೆ ಹೆಸರುಗಳು, ಆಗ ನಡೆಯುತ್ತಿದ್ದ ಕೆಲಸ. ಬರೀ ಅತ್ತೆ, ದೊಡ್ಡಪ್ಪ ಎಂದು ಬರೆದರೆ ಮುಂದಿನ ತಲೆಗೆ ಯಾರ ಅತ್ತೆ ಎಂದು ತಿಳಿಯದು, ಹೆಸರೂ ಬೇಕು, ಸಂಬಂಧವೂ ಬೇಕು. ಕೊನೆಗೆ ತೆಗೆದವರು ಯಾರು ಎಂಬುದನ್ನೂ ಬರೆಯಬೇಕು. ಎಲ್ಲ ಚಿತ್ರಗಳನ್ನೂ ತೆಗೆದ ಚಿಕ್ಕಮ್ಮ ಯಾವ ಚಿತ್ರದಲ್ಲೂ ಇರುವುದಿಲ್ಲ. ಅವಳು ಆ ದಿನ ಅಲ್ಲಿದ್ದಳು ಎಂಬುದಕ್ಕೆ ಫೋಟೋದ ಹಿಂದಿನ ಆ ಒಂದು ಸಾಲೇ ಗುರುತು.